ಮನೆಬಾಗಿಲಿನ ಮಾನಸಿಕ ಶುಶ್ರೂಷೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ತಿಳಿಸಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ. ಈ ಶಾಲೆಯ ಅಂಗಳದಲ್ಲಿ ಆಡಿ, ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದವರಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ಪ್ರಾಧ್ಯಾಪಕರಿದ್ದಾರೆ, ವರ್ತಕರಿದ್ದಾರೆ. ಅವರವರ ಕಾಯಕವೇನೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಬಹುಕಾಲ ಮಾಡಿಕೊಂಡು ಬಂದ ಕೆಲಸಕ್ಕೆ ಮಾತ್ರ ಜನರ ಬಾಯಲ್ಲಿ ನಿಶ್ಚಿತವಾದ ಒಂದು ಹೆಸರಿಲ್ಲ. ಕಾಗದಪತ್ರಗಳಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಸಹಾಯಕನೆಂದು ಬರೆಯುತ್ತಾರೆ. ಹಳ್ಳಿಗಳಲ್ಲಿ ‘ಗುಳಿಗಿ ಸರ ಬಂದ್ರು’ ಎನ್ನುತ್ತಾರೆ. ಈ ಎರಡನೆಯ ಹೆಸರೇ ಕೆಲಸಕ್ಕೆ ಹೆಚ್ಚು ಹತ್ತಿರವಾದುದು. ಆದರೆ ಅದರಲ್ಲಿಯೂ ಅರ್ಧ ಸತ್ಯ ಮಾತ್ರ ಇದೆ.

ಮನಸ್ಸಿನ ಕಾಯಿಲೆಯಾದವರನ್ನು ಆಸ್ಪತ್ರೆಗೆ ಸೇರಿಸಿದರೆ ಚಿಕಿತ್ಸೆ ಮುಗಿಯಿತೆಂದು ತಿಳಿಯುವ ರೂಢಿ ನಮ್ಮಲ್ಲಿದೆ. ವಾಸ್ತವವಾಗಿ ಆಸ್ಪತ್ರೆಯ ವಾಸ ಕೆಲವು ವಾರಗಳದ್ದು. ಅನೇಕರಿಗೆ ಅದರ ಅಗತ್ಯವೂ ಬೀಳುವುದಿಲ್ಲ. ಸ್ಕಿಜೋಫ್ರೇನಿಯಾ ಎಂದು ವೈದ್ಯರು ಕರೆಯುವ ಚಿತ್ತವಿಕಲತೆಯಾಗಲಿ, ಉನ್ಮಾದ ಮತ್ತು ಖಿನ್ನತೆಗಳು ಸರದಿಯಂತೆ ಬಂದು ಹೋಗುವ ಬೇನೆಯಾಗಲಿ ವರ್ಷಗಟ್ಟಲೆ ಮನೆಯಲ್ಲಿಯೇ ನೋಡಿಕೊಳ್ಳಬೇಕಾದ ವ್ಯಾಧಿಗಳು. ವೈದ್ಯರು ಚೀಟಿ ಬರೆದು ಕೊಟ್ಟ ಮೇಲೆ ಆ ಚೀಟಿ ಒಂದು ಮನೆಯೊಳಕ್ಕೆ ಹೋಗುತ್ತದೆ. ಅಲ್ಲಿ ತಾಯಿ ಇದ್ದಾಳೆ, ಸಾಲವಿದೆ, ಮದುವೆಗೆ ಬಂದ ತಂಗಿ ಇದ್ದಾಳೆ, ನೆರೆಯವರ ಕಣ್ಣಿದೆ. ಚಿಕಿತ್ಸೆ ಉಳಿಯುವುದೂ ಕೆಡುವುದೂ ಆ ಹೊಸ್ತಿಲಿನ ಒಳಗೆ. ಅಲ್ಲಿಗೆ ಹೋಗಿ ಬರುವವನೇ ಈ ಸಹಾಯಕ.

ಈ ವ್ಯವಸ್ಥೆ ಹುಟ್ಟಿದ ಬಗೆಯನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಏಕೆಂದರೆ ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಬಂಧುಗಳನ್ನೂ ಜೊತೆಯಲ್ಲಿ ಇರಿಸಿಕೊಂಡರು. ಬಂಧುಗಳು ಆರೈಕೆಯನ್ನು ಕಣ್ಣಾರೆ ಕಂಡು ಕಲಿತರು. ಅವರ ಭಯವೂ ಕಡಿಮೆಯಾಯಿತು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಅಲ್ಲಿಯ ವೈದ್ಯರು ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದನ್ನು ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಈ ಕಾಯಿಲೆಗಳನ್ನು ಗುರುತಿಸಲು ಕಲಿಸತೊಡಗಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡುವುದಕ್ಕೆ ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. ಇಂದಿನ ವಿಜಯನಗರ ಜಿಲ್ಲೆಯೂ ಸೇರಿದ್ದ ಅಂದಿನ ಬಳ್ಳಾರಿಯಲ್ಲಿ 1985ರಿಂದ 1990ರ ವರೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರೂ ಕಾರ್ಯಕರ್ತರೂ ಅಲ್ಪಕಾಲದ ತರಬೇತಿ ಪಡೆದು ಮನೋವ್ಯಾಧಿಗಳಿಗೂ ಮೂರ್ಛೆರೋಗಕ್ಕೂ ಊರಿನಲ್ಲಿಯೇ ಔಷಧ ಕೊಡಬಲ್ಲರೆಂಬುದು ಸಿದ್ಧವಾಯಿತು. ಆ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿ, ಬರಬರುತ್ತ ನಮ್ಮ ರಾಜ್ಯದ ಜಿಲ್ಲೆಗಳಿಗೆಲ್ಲ ಹಬ್ಬಿತು. ಬಳ್ಳಾರಿಯ ಹೆಸರನ್ನು ಗಣಿಗಾಗಿ ನೆನೆಯುವವರು ಇದಕ್ಕಾಗಿಯೂ ಒಮ್ಮೆ ನೆನೆದರೆ ತಪ್ಪಾಗಲಾರದು.

ಹೀಗಿದ್ದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕದಂತೆ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದ್ದು, ಬೇನೆ ಯಾವುದೆಂಬುದರ ಮೇಲೆ ನೂರಕ್ಕೆ 70ರಿಂದ 92ರ ವರೆಗೆ ಜನ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ವೈದ್ಯರು ಸಾಲದಿರುವುದು ಇದಕ್ಕೆ ಒಂದು ಕಾರಣ. ಸಿಕ್ಕ ಔಷಧವನ್ನು ನಡುವೆಯೇ ಬಿಟ್ಟುಬಿಡುವುದು ಇನ್ನೊಂದು. ನನ್ನ ಕೆಲಸ ಈ ಎರಡನೆಯ ಕಾರಣಕ್ಕೆ ಸಂಬಂಧಿಸಿದುದು.

ಔಷಧವನ್ನು ಬಿಡುವುದೇಕೆ? ಮೂರ್ಖತನದಿಂದ, ಮೂಢನಂಬಿಕೆಯಿಂದ ಎಂದು ಉತ್ತರಿಸುವುದು ಸುಲಭ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ನನ್ನ ತಿಳಿವಳಿಕೆಯನ್ನು ತಿದ್ದಿದವನು ಒಬ್ಬ ನೇಕಾರ ಹುಡುಗ.

ಅದು 2011ರ ಮಾತು. ಕೈಮಗ್ಗದ ಮನೆತನ, ಹುಡುಗನಿಗೆ ಇಪ್ಪತ್ತೆರಡು ವರ್ಷ. ಯಾರೋ ತನ್ನನ್ನು ಬಯ್ಯುತ್ತಿರುವಂತೆ ಕಿವಿಯಲ್ಲಿ ಧ್ವನಿ ಕೇಳುತ್ತಿತ್ತು. ರಾತ್ರಿಯಿಡೀ ಅವನು ಆ ಧ್ವನಿಗೆ ಉತ್ತರ ಕೊಡುತ್ತಿದ್ದ. ಎರಡು ತಿಂಗಳು ಚಿಕಿತ್ಸೆ ಪಡೆದು ಧ್ವನಿ ಅಡಗಿ ಮನೆಗೆ ಬಂದಿದ್ದ. ನಾನು ಮೂರನೆಯ ಸಲ ಹೋದಾಗ ತಾಯಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಹೇಳಿದಳು: ‘ಏನ್ ಮಾಡ್ಲಿ ಯಪ್ಪಾ, ಕೈ ಮುಗದು ಹೇಳಿದ್ರೂ ಒಲ್ಲೆ ಅಂತಾನ. ಗುಳಿಗಿ ಅರದು ಮಜ್ಜಿಗ್ಯಾಗ ಕಲಿಸಿ ಕೊಡಾಕ್ಹತ್ತೀನಿ.’ ನಾನು ಆಗ ಏನೂ ಹೇಳಲಿಲ್ಲ. ಔಷಧ ಹೇಗೋ ಹೊಟ್ಟೆಗೆ ಹೋಗುತ್ತಿದೆಯಲ್ಲ ಎಂಬ ಸಮಾಧಾನವೇ ಇದ್ದಿತು. ಮುಂದಿನ ತಿಂಗಳು ಹೋಗುವಷ್ಟರಲ್ಲಿ ಹುಡುಗ ಮಜ್ಜಿಗೆಯಲ್ಲಿ ಬಿಳಿಯ ಪುಡಿ ತಳಕ್ಕೆ ಇಳಿದುದನ್ನು ಕಂಡು, ಮನೆಯಲ್ಲಿ ಉಣ್ಣುವುದನ್ನೇ ಬಿಟ್ಟಿದ್ದ. ತನಗೆ ವಿಷ ಹಾಕುತ್ತಾರೆಂದು ಮೊದಲು ಕಾಯಿಲೆ ಹೇಳುತ್ತಿತ್ತು. ಈಗ ಕಣ್ಣೇ ಹೇಳಿತು. ಅವನನ್ನು ನಂಬಿಸುವ ಬಗೆ ಹೇಗೆ?

ಮುಂದೆ ಐದಾರು ಸಲ ಹೋದೆ. ಔಷಧದ ಮಾತನ್ನೇ ಎತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತು ನೂಲಿನ ದರ, ಸೀರೆಯ ಸೆರಗು, ಇವುಗಳ ಮಾತಾಡಿದೆವು. ಒಂದು ದಿನ ಅವನೇ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದ. ‘ಗುಳಿಗಿ ನುಂಗಿದ್ರ ಕೈ ನಡಗ್ತಾವ್ರೀ ಸರ. ಲಾಳಿ ಹಿಡಿಯೂದು ಹೆಂಗ? ನೇಯಾಕ ಬರದವಗ ಈ ಮನ್ಯಾಗ ಏನ್ ಕೆಲಸ?’ ನನಗೆ ನಾಚಿಕೆಯಾಯಿತು. ನಮ್ಮ ದಾಖಲೆ ಪುಸ್ತಕದಲ್ಲಿ ನಡುಕಕ್ಕೆಂದು ಒಂದು ಅಂಕಣವೇ ಇದೆ. ನಾನು ಅದರಲ್ಲಿ ‘ಇಲ್ಲ’ ಎಂದು ಬರೆಯುತ್ತ ಬಂದಿದ್ದೆ. ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿರುತ್ತಿದ್ದುದನ್ನು ನೋಡಿದ್ದೆ, ಗಮನಿಸಿರಲಿಲ್ಲ. ಈ ಗುಳಿಗೆಗಳಿಂದ ಕೆಲವರಿಗೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಜೊಲ್ಲು ಸುರಿಯುತ್ತದೆ, ಒಂದೆಡೆ ಕುಳಿತಿರಲಾಗದಂಥ ತಳಮಳವುಂಟಾಗುತ್ತದೆ. ಇವಕ್ಕೆ ಪರಿಹಾರವಿದೆ, ಆದರೆ ವೈದ್ಯರಿಗೆ ತಿಳಿಯಬೇಕಷ್ಟೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಅವನನ್ನು ಕರೆದೊಯ್ದೆ. ಅವರು ಔಷಧದ ಪ್ರಮಾಣವನ್ನು ಇಳಿಸಿ, ನಡುಕಕ್ಕೆಂದೇ ಇರುವ ಇನ್ನೊಂದು ಗುಳಿಗೆಯನ್ನು ಸೇರಿಸಿದರು. ಮೂರು ವಾರಗಳಲ್ಲಿ ಅವನು ಮಗ್ಗದ ಮುಂದೆ ಕುಳಿತ. ತಾಯಿ ಮಗನ ಎದುರಿಗೆ ಒಪ್ಪಿಕೊಂಡು, ಇನ್ನು ಮೇಲೆ ಅನ್ನದಲ್ಲಿ ಏನನ್ನೂ ಕಲಸುವುದಿಲ್ಲವೆಂದು ಮಾತು ಕೊಟ್ಟಳು. ಅಂದಿನಿಂದ ಅವನು ಗುಳಿಗೆಯನ್ನು ತನ್ನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದ.

ಈ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಸಹಾಯಕನಾದವನು ರೋಗವನ್ನು ನಿರ್ಣಯಿಸತಕ್ಕವನಲ್ಲ. ಔಷಧವನ್ನು ಬರೆಯತಕ್ಕವನೂ ಅಲ್ಲ, ಅದರ ಪ್ರಮಾಣವನ್ನು ಏರಿಸಿ ಇಳಿಸತಕ್ಕವನೂ ಅಲ್ಲ. ಹಾಗೆ ಮಾಡಿದರೆ ಅಪಾಯ. ಅವನಿಂದ ಆಗತಕ್ಕದ್ದು ನೋಡುವುದು, ಕೇಳುವುದು, ನೋಡಿ ಕೇಳಿದ್ದನ್ನು ತಡಮಾಡದೆ ಬಲ್ಲವರಿಗೆ ಮುಟ್ಟಿಸುವುದು. ಅದರಲ್ಲಿ ನೋಡುವುದೇ ಕಠಿಣ. ಅವನು ನೋಡಬೇಕಾದ ಸಣ್ಣ ಸಂಗತಿಗಳು ಎಷ್ಟೊಂದು! ಉಗುರು ಕತ್ತರಿಸಿದೆಯೆ, ಸ್ನಾನವಾಗಿದೆಯೆ, ರಾತ್ರಿ ಎಷ್ಟು ಹೊತ್ತಿಗೆ ಮಲಗಿದರು, ಊಟಕ್ಕೆ ಎಲ್ಲರೊಡನೆ ಕೂಡುತ್ತಾರೆಯೆ ಅಥವಾ ತಟ್ಟೆಯನ್ನು ಹೊರಗೆ ಸರಿಸಿಕೊಡುತ್ತಾರೆಯೆ, ಮನೆಯವರು ಅವರನ್ನು ಹೆಸರು ಹಿಡಿದು ಕರೆಯುತ್ತಾರೆಯೆ ಅಥವಾ ‘ಅದು’ ಎನ್ನುತ್ತಾರೆಯೆ. ಈ ಕೊನೆಯ ಪ್ರಶ್ನೆ ಯಾವ ನಮೂನೆಯಲ್ಲಿಯೂ ಇಲ್ಲ. ಆದರೂ ಅದರಿಂದ ನನಗೆ ತಿಳಿದುಬಂದಷ್ಟು ಬೇರೆಯದರಿಂದ ತಿಳಿದುಬಂದಿಲ್ಲ.

ಋತುಮಾನವನ್ನೂ ಹಬ್ಬಹರಿದಿನಗಳನ್ನೂ ಅವನು ಲೆಕ್ಕದಲ್ಲಿಟ್ಟಿರಬೇಕು. ಉನ್ಮಾದದ ಬೇನೆಗೆ ಕೊಡುವ ಲಿಥಿಯಂ ಎಂಬ ಔಷಧ ಬಹಳ ಉಪಯುಕ್ತವಾದರೂ, ಅದು ರಕ್ತದಲ್ಲಿ ಹೆಚ್ಚಾದರೆ ವಿಷಕ್ಕೆ ಸಮಾನ. ಅದಕ್ಕಾಗಿ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಮೈನೀರು ಆರಿದಾಗ, ಇಲ್ಲವೆ ವಾಂತಿ ಭೇದಿಯಾದಾಗ, ಕೈ ಬಲವಾಗಿ ನಡುಗಿ ನಡೆ ತೊದಲಿದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕೆಂಬುದನ್ನು ಮನೆಯವರಿಗೆ ಮುಂಚಿತವಾಗಿಯೇ ಹೇಳಿರಬೇಕು. ಮೂರ್ಛೆರೋಗವಿದ್ದವರು ಶ್ರಾವಣದ ಉಪವಾಸದಲ್ಲಿ ಗುಳಿಗೆಯನ್ನೂ ಬಿಡುತ್ತಾರೆ. ಬಿಟ್ಟ ಎರಡು ಮೂರು ದಿನಗಳಲ್ಲಿ ಮೂರ್ಛೆ ಬರುವುದುಂಟು. ಶಿವರಾತ್ರಿಯ ಜಾಗರಣೆ ನಮಗೆಲ್ಲ ಪುಣ್ಯಕರವಾದರೂ, ನಿದ್ರೆಗೆಡುವುದು ಮೂರ್ಛೆಯವರಿಗೂ ಉನ್ಮಾದದ ಬೇನೆಯವರಿಗೂ ಹಾನಿಕರ. ಶಿವರಾತ್ರಿಯ ಮರುವಾರ ನಾನು ಅಂಥ ಮನೆಗಳಿಗೆ ತಪ್ಪದೆ ಹೋಗುತ್ತಿದ್ದೆ. ಶಿವಪೂಜೆ ಮಾಡಿ ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ಮಲಗಿದರೆ ಶಿವನು ಮುನಿಯುವುದಿಲ್ಲವೆಂದು ಹೇಳಲು ನನಗೆ ಅಧಿಕಾರವಿರಲಿಲ್ಲ, ಆದರೂ ಹೇಳುತ್ತಿದ್ದೆ.

ಇಂಥ ಕೆಲಸದಿಂದ ನಿಜವಾಗಿಯೂ ಪ್ರಯೋಜನವಿದೆಯೇ ಎಂದು ದಾನಿಗಳು ಕೇಳಬಹುದು, ಕೇಳತಕ್ಕದ್ದೇ. ಗೋವಾ, ತಮಿಳುನಾಡು ಮತ್ತು ನಮ್ಮ ನೆರೆಯ ಸಾತಾರಾಗಳಲ್ಲಿ ಚಿತ್ತವಿಕಲತೆಯ 282 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಸ್ಪತ್ರೆಯ ಚಿಕಿತ್ಸೆಯನ್ನು ಮಾತ್ರ ಕೊಟ್ಟು, ಇನ್ನೊಂದಕ್ಕೆ ಅದರ ಜೊತೆಗೆ ಊರಿನವರೇ ಆದ, ವೈದ್ಯ ಶಿಕ್ಷಣವಿಲ್ಲದ ಕಾರ್ಯಕರ್ತರನ್ನು ಮನೆಗೆ ಕಳುಹಿಸಿದ ಅಧ್ಯಯನದ ಫಲ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾರ್ಯಕರ್ತರು ಹೋದ ಮನೆಗಳಲ್ಲಿ ರೋಗಲಕ್ಷಣಗಳೂ ಅಶಕ್ತತೆಯೂ ಹೆಚ್ಚು ಇಳಿದಿದ್ದವು. ಇಳಿದ ಪ್ರಮಾಣ ಸಾಧಾರಣವಾದುದೇ ಹೊರತು ಬೆರಗುಗೊಳಿಸುವಂಥದ್ದಲ್ಲ. ನನ್ನ ಅನುಭವವೂ ಇಷ್ಟೇ. ಹತ್ತು ಮನೆಗಳಿಗೆ ಹೋದರೆ ಹತ್ತರಲ್ಲಿಯೂ ಮಗ್ಗ ನಡೆಯುವುದಿಲ್ಲ. ಕೆಲವು ಮನೆಗಳಲ್ಲಿ ವರ್ಷದ ಕೊನೆಗೆ ಆಗಿರುವುದೆಂದರೆ, ಹೊರಗಿನ ಪಡಸಾಲೆಯಲ್ಲಿ ಒಬ್ಬನೇ ಉಣ್ಣುತ್ತಿದ್ದವನು ಒಳಗೆ ಬಂದು ಉಣ್ಣುತ್ತಾನೆ ಎಂಬಷ್ಟೇ.

ಇನ್ನು ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಇಂಥ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಸಾಧನೆಯನ್ನು ಬರೆಯುವುದು ವಾಡಿಕೆ, ಸಂಪಾದಕರು ಕ್ಷಮಿಸಬೇಕು.

2016ರಲ್ಲಿ ಒಂದು ಒಕ್ಕಲುತನದ ಮನೆಗೆ ಹೋಗುತ್ತಿದ್ದೆ. ಎರಡನೆಯ ಹೆರಿಗೆಯಾದ ಮೇಲೆ ಆ ಹೆಣ್ಣುಮಗಳಿಗೆ ಖಿನ್ನತೆ ತಟ್ಟಿತ್ತು. ಮೊದಲು ಹೊಟ್ಟೆನೋವು, ತಲೆನೋವು ಎಂದು ನಾಲ್ಕಾರು ಕಡೆ ತೋರಿಸಿ, ಕೊನೆಗೆ ಮನೋವೈದ್ಯರಲ್ಲಿಗೆ ಬಂದಿದ್ದರು. ನಾನು ಹೋದಾಗ ಗಂಡ ಪಡಸಾಲೆಗೆ ಬಂದು ಕೂಡುತ್ತಿದ್ದ. ಆಕೆ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ನಿದ್ರೆ ಬರುತ್ತದೆಯೇ? ಬರುತ್ತದೆ. ಗುಳಿಗೆ? ತಪ್ಪಿಸಿಲ್ಲ. ಕೂಸಿಗೆ ಹಾಲು? ಕುಡಿಸುತ್ತಾಳೆ. ಎಲ್ಲ ಉತ್ತರವೂ ಗಂಡನದು. ಅವನು ಸಜ್ಜನ, ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ. ತನಗೆ ಕಂಡದ್ದನ್ನು ಹೇಳಿದ. ನಾನು ಅದನ್ನೇ ಬರೆದುಕೊಂಡು, ಚಹ ಕುಡಿದು ಎದ್ದೆ. ಹೀಗೆ ನಾಲ್ಕು ತಿಂಗಳು. ಐದನೆಯ ತಿಂಗಳಿನಲ್ಲಿ ಆಕೆ ಒಂದು ಬೆಳಗಿನ ಜಾವ ಜೀವ ಕಳೆದುಕೊಳ್ಳಲು ಹೊರಟಳು. ಅತ್ತೆಗೆ ಎಚ್ಚರವಾದುದರಿಂದ ಉಳಿದಳು.

ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವಳ ಜೊತೆಯಲ್ಲಿ ಅತ್ತೆ ಮಾತ್ರ ಇದ್ದರು. ಬಹಳ ಹೊತ್ತು ಗೋಡೆಯ ಕಡೆ ನೋಡುತ್ತಿದ್ದು, ಆಮೇಲೆ ಹೇಳಿದಳು: ‘ನೀವು ಬಂದಾಗೊಮ್ಮೆ ಅವರನ್ನ ಕೇಳಿದ್ರಿ ಅಣ್ಣಾರ. ನನ್ನ ಯಾವಾಗ ಕೇಳಿದ್ರಿ?’

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪರಪುರುಷನೊಬ್ಬ ಹಳ್ಳಿಯ ಮನೆಯಲ್ಲಿ ಹೆಂಗಸೊಬ್ಬಳನ್ನು ಒಂಟಿಯಾಗಿ ಮಾತಾಡಿಸಲಾಗದು ಎಂಬುದು ನಿಜ. ಆದರೆ ಆ ಊರಿನಲ್ಲಿಯೇ ಆಶಾ ಕಾರ್ಯಕರ್ತೆ ಇದ್ದಳು. ಆಕೆಯನ್ನು ಜೊತೆಗೆ ಕರೆದುಕೊಂಡು ಹೋಗಬಹುದಾಗಿತ್ತು. ಅಂದಿನಿಂದ ಹೆಣ್ಣುಮಕ್ಕಳಿದ್ದ ಮನೆಗೆ ಆಶಾ ಕಾರ್ಯಕರ್ತೆಯಿಲ್ಲದೆ ನಾನು ಹೋಗಲಿಲ್ಲ. ಅವರಿಬ್ಬರೂ ಅಡುಗೆಮನೆಯಲ್ಲಿ ಕುಳಿತು ಮಾತಾಡುವಾಗ ನಾನು ಹೊರಗೆ ಗಂಡಸರೊಡನೆ ಮಳೆ ಬೆಳೆಯ ಮಾತಾಡುತ್ತಿದ್ದೆ. ಇನ್ನೊಂದು ಪಾಠವನ್ನೂ ಕಲಿತೆ. ‘ಸಾಯಬೇಕು ಅನ್ನಿಸುತ್ತದೆಯೇ?’ ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ಹಾಕಿದಂತಾಗುವುದೆಂದು ಅನೇಕರು ಅಂಜುತ್ತಾರೆ. ಅದು ಹಾಗಲ್ಲ. ಕೇಳಿದರೆ ಕೆಡುವುದಿಲ್ಲ, ಕೇಳಿದಾಗ ಅನೇಕರು ಅತ್ತು ಹಗುರಾಗುತ್ತಾರೆ, ಹೇಳಿಕೊಳ್ಳುತ್ತಾರೆ, ಆಗ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಲು ಸಾಧ್ಯವಾಗುತ್ತದೆ. ಪೊಲೀಸು ಮೊಕದ್ದಮೆಯಾದೀತೆಂದು ಮನೆಯವರು ಇಂಥದ್ದನ್ನು ಮುಚ್ಚಿಡುತ್ತಿದ್ದರು. 2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆ, ಹಾಗೆ ಯತ್ನಿಸಿದವರು ತೀವ್ರ ಸಂಕಟದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕೆಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಂಥವರನ್ನು ದಂಡಿಸುತ್ತಿದ್ದ ಹಳೆಯ 309ನೆಯ ಕಲಮೂ ಇಲ್ಲ. ಈ ವಿಷಯ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ. ಆ ಹೆಣ್ಣುಮಗಳು ಗುಣವಾಗಿ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತ ಚೆನ್ನಾಗಿದ್ದಾಳೆ.

ಅದೇ ಕಾಯಿದೆಯ ಇನ್ನೊಂದು ವಿಧಿಗೂ ನಮ್ಮ ಕೆಲಸಕ್ಕೂ ಹತ್ತಿರದ ಸಂಬಂಧವಿದೆ. ಮಾನಸಿಕ ಅಸ್ವಸ್ಥರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ಅದು ನಿಷೇಧಿಸುತ್ತದೆ. ಈ ನಿಷೇಧದ ಹಿಂದೆ ಒಂದು ದಾರುಣ ಘಟನೆಯ ನೆನಪಿದೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾಕ್ಕೆ ಗುಣವಾಗಲೆಂದು ಕರೆತಂದವರನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಿತು. ಕಟ್ಟಿಹಾಕಿದ್ದ ಜನ ಓಡಲಾಗದೆ 28 ಮಂದಿ ಸತ್ತರು.

ಸರಪಳಿಯ ಮನೆಗೆ ಕಾನೂನಿನ ಪುಸ್ತಕವನ್ನು ಹಿಡಿದುಕೊಂಡು ಹೋದರೆ ಬಾಗಿಲು ಮುಚ್ಚುತ್ತದೆ. ಕಟ್ಟಿದವನು ಕ್ರೂರಿಯೇ ಆಗಿರಬೇಕೆಂದಿಲ್ಲ. 2019ರಲ್ಲಿ ನಾನು ಕಂಡ ಒಬ್ಬ ತಂದೆ ಮಗನ ಕಾಲಿಗೆ ಕಬ್ಬಿಣ ಹಾಕಿ, ಅದು ತಿಕ್ಕಿ ಗಾಯವಾಗಬಾರದೆಂದು ಹಳೆಯ ಧೋತರವನ್ನು ಸುತ್ತಿ, ತಾನೂ ಅವನ ಪಕ್ಕದಲ್ಲಿಯೇ ಮಲಗುತ್ತಿದ್ದ. ಎರಡು ಸಲ ಮಗ ಹೆದ್ದಾರಿಗೆ ಓಡಿ ಹೋಗಿದ್ದನಂತೆ. ಅಂಥವನಿಗೆ ‘ಬಿಚ್ಚು’ ಎಂದರೆ ಸಾಲದು; ಬಿಚ್ಚಿದ ಮೇಲೆ ಏನು ಎಂಬುದಕ್ಕೆ ಉತ್ತರ ಕೊಡಬೇಕು. ವೈದ್ಯರನ್ನು ಮನೆಗೇ ಕರೆತಂದು, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದನ್ನು ಹುಡುಗನಿಗೂ ತಿಳಿಹೇಳಿ ಆರಂಭಿಸಿ, ಮೊದಲು ಹಗಲು ಹೊತ್ತಿನಲ್ಲಿ, ಆಮೇಲೆ ರಾತ್ರಿಯಲ್ಲಿಯೂ ಬಿಚ್ಚುವಂತೆ ಮಾಡಲು ಆರು ವಾರ ಹಿಡಿಯಿತು. ಕಾಯಿದೆಯ ಅಕ್ಷರಕ್ಕೆ ಆರು ವಾರವೂ ಹೆಚ್ಚೇ. ನನಗೆ ಅದಕ್ಕಿಂತ ಬೇಗ ಮಾಡಲು ಆಗಲಿಲ್ಲ.

ಔಷಧದಿಂದ ಬೇನೆ ಇಳಿದವರಿಗೆ ಮುಂದಿನ ಪ್ರಶ್ನೆ ಜೀವನೋಪಾಯದ್ದು. ಮಾನಸಿಕ ಕಾಯಿಲೆಯಿಂದ ಉಂಟಾದ ಅಶಕ್ತತೆ ನೂರಕ್ಕೆ ನಲವತ್ತಕ್ಕಿಂತ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ದೊರೆತರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಕೆಲವು ಸೌಲಭ್ಯಗಳಿವೆ. ಕೈಕಾಲು ಊನವಾದದ್ದು ಕಣ್ಣಿಗೆ ಕಾಣುತ್ತದೆ. ಮನಸ್ಸಿನ ಊನ ಕಾಣುವುದಿಲ್ಲವಾದ್ದರಿಂದ ಈ ಪ್ರಮಾಣಪತ್ರಕ್ಕಾಗಿ ಅಲೆದಾಟ ಹೆಚ್ಚು. ಗ್ರಾಮ ಪಂಚಾಯತಿಗಳಲ್ಲಿರುವ ಪುನರ್ವಸತಿ ಕಾರ್ಯಕರ್ತರು ಇದರಲ್ಲಿ ಬಹಳ ನೆರವಾಗುತ್ತಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಕಚೇರಿಯ ಮೆಟ್ಟಿಲು ಎಷ್ಟು ಎತ್ತರವೆಂಬುದು ಅವರಿಗೆ ಗೊತ್ತು.

ಈ ಕೆಲಸದವರ ಸ್ಥಿತಿಗತಿಯನ್ನೂ ಮರೆಮಾಚಬಾರದು. ಬಹುಮಂದಿ ಗುತ್ತಿಗೆಯ ಮೇಲೆ ಅಥವಾ ಗೌರವಧನದ ಮೇಲೆ ದುಡಿಯುವವರು. ಗುತ್ತಿಗೆ ಮುಗಿದಾಗ ಹೊಸಬರು ಬರುತ್ತಾರೆ. ಹೊಸಬರಿಗೆ ರೋಗಿಯ ಕಡತ ಸಿಗುತ್ತದೆ, ರೋಗಿಯ ನಂಬಿಕೆ ಸಿಗುವುದಿಲ್ಲ. ಅದನ್ನು ಮೊದಲಿನಿಂದ ಗಳಿಸಬೇಕು. ದಿನವಿಡೀ ಇನ್ನೊಬ್ಬರ ಸಂಕಟವನ್ನು ಕೇಳಿ ಮನೆಗೆ ಬಂದವನಿಗೆ ರಾತ್ರಿ ನಿದ್ರೆ ಬಾರದಿರುವುದುಂಟು. 2016ರ ಆ ಘಟನೆಯ ನಂತರ ನಾನೇ ಕೆಲವು ತಿಂಗಳು ಮನೋವೈದ್ಯರ ಸಲಹೆ ಪಡೆದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಲ್ಲುನೋವಿಗೆ ಹಲ್ಲಿನ ವೈದ್ಯರಲ್ಲಿಗೆ ಹೋದೆನೆಂದು ಹೇಳಲು ಯಾರು ಸಂಕೋಚಪಡುತ್ತಾರೆ?

ಕೊನೆಯದಾಗಿ ಶ್ರೀಮಠಕ್ಕೂ ಶಾಲೆಗೂ ಸಂಬಂಧಿಸಿದ ಮಾತು. ನಮ್ಮ ಭಾಗದಲ್ಲಿ ಮನಸ್ಸು ಕೆಟ್ಟವರನ್ನು ಮೊದಲು ಕರೆತರುವುದು ಆಸ್ಪತ್ರೆಗಲ್ಲ, ಅಮಾವಾಸ್ಯೆಯಂದು ಮಠದ ಗದ್ದುಗೆಗೆ. ಇದನ್ನು ಹಳಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಅಲ್ಲಿ ಅವರಿಗೆ ಅನ್ನ ಸಿಗುತ್ತದೆ, ಯಾರೂ ಹೊರಗೆ ನೂಕುವುದಿಲ್ಲ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾದ ಆವರಣದಲ್ಲಿಯೇ ಮನೋವೈದ್ಯರು ಕುಳಿತುಕೊಳ್ಳುವ ವ್ಯವಸ್ಥೆಯಾಗಿ, ದರ್ಗಾದ ಮುಜಾವರರೇ ಪ್ರಾರ್ಥನೆಯ ಜೊತೆಗೆ ಔಷಧವನ್ನೂ ಪಡೆಯಿರೆಂದು ಬಂದವರಿಗೆ ಹೇಳುತ್ತಾರೆ. ‘ದವಾ’ ಮತ್ತು ‘ದುವಾ’ ಎರಡೂ ಕೂಡಿದ ಆ ಕ್ರಮ ನಮ್ಮಲ್ಲಿಯೂ ಆಗಬಹುದು. ಭಸ್ಮವನ್ನು ಹಚ್ಚಿ ಕಳುಹಿಸುವಾಗ ‘ಗುಳಿಗೆ ಬಿಡಬೇಡ’ ಎಂದು ಪೂಜ್ಯರು ಹೇಳುವ ಒಂದು ಮಾತಿಗೆ ನನ್ನಂಥವರ ಹತ್ತು ಭೇಟಿಗಳ ಬಲವಿದೆ.

ಶಿಕ್ಷಕ ಮಿತ್ರರಲ್ಲಿ ಇನ್ನೊಂದು ವಿಜ್ಞಾಪನೆ. ಚಿತ್ತವಿಕಲತೆಯಂಥ ಬೇನೆ ಹದಿಹರೆಯದ ಕೊನೆಯಿಂದ ಇಪ್ಪತ್ತರ ಹರೆಯದೊಳಗೆ ಮೊಳೆಯುವುದು ಹೆಚ್ಚು. ಚೆನ್ನಾಗಿ ಓದುತ್ತಿದ್ದ ಹುಡುಗ ಕಾರಣವಿಲ್ಲದೆ ಹಿಂದುಳಿದರೆ, ಪ್ರಸಾದ ನಿಲಯದಲ್ಲಿ ರಾತ್ರಿ ಮಲಗದೆ ತಿರುಗುತ್ತಿದ್ದರೆ, ಗೆಳೆಯರು ತನ್ನನ್ನೇ ಆಡಿಕೊಳ್ಳುತ್ತಾರೆಂದು ಊಟಕ್ಕೆ ಬರದಿದ್ದರೆ, ಅದನ್ನು ಶಿಸ್ತಿನ ಪ್ರಶ್ನೆಯೆಂದು ಮಾತ್ರ ತಿಳಿದು ಮನೆಗೆ ಕಳುಹಿಸಬಾರದು. ಕಾಯಿಲೆಯ ಹೆಸರನ್ನು ನಾವು ಇಡಬೇಕಾಗಿಲ್ಲ. ವೈದ್ಯರಿಗೆ ತೋರಿಸುವಂತೆ ತಂದೆತಾಯಿಗಳಿಗೆ ಹೇಳಿದರಾಯಿತು. ಕೇಳಲು ಯಾರೂ ಇಲ್ಲದಾಗ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅದಕ್ಕೆ ಹಣ ಬೀಳುವುದಿಲ್ಲ. ಈ ಸಂಖ್ಯೆಯನ್ನು ಪ್ರಸಾದ ನಿಲಯದ ಗೋಡೆಯ ಮೇಲೆ ಬರೆಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ದಾನಿಗಳಿಗೆ ಹೇಳುವುದಿಷ್ಟೆ. ಸರಕಾರಿ ಆಸ್ಪತ್ರೆಯಲ್ಲಿ ಈ ಔಷಧಗಳು ಉಚಿತ. ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳ ಪ್ರಯಾಣವೂ ಉಚಿತ. ಆದರೆ ರೋಗಿ ಗಂಡಸಾದರೆ ಅವನ ಚಾರ್ಜು, ಜೊತೆಗೆ ಬಂದವರ ಆ ದಿನದ ಕೂಲಿ, ಇವೆರಡೂ ಹೋಗುತ್ತವೆ. ನಾನು ನೋಡಿಕೊಳ್ಳುತ್ತಿದ್ದ ಮನೆಗಳಲ್ಲಿ ಔಷಧ ನಿಂತುದಕ್ಕೆ ದೆವ್ವದ ಭಯಕ್ಕಿಂತ ಈ ಲೆಕ್ಕವೇ ಹೆಚ್ಚು ಸಲ ಕಾರಣವಾಗಿತ್ತು. ಜಿಲ್ಲೆಯ ವೈದ್ಯರ ತಂಡ ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನವೇ, ಶ್ರೀಮಠಕ್ಕೆ ಬಂದು ಕುಳಿತುಕೊಳ್ಳುವಂತಾದರೆ ಸುತ್ತಲಿನ ಹಳ್ಳಿಗಳವರಿಗೆ ತಾಲ್ಲೂಕಿನ ದಾರಿ ತಪ್ಪುತ್ತದೆ. ಹೇಗೂ ಆ ದಿನ ಅವರು ಇಲ್ಲಿಗೆ ಬರುವವರೇ. ಅದಕ್ಕೆ ಬೇಕಾದುದು ಬೀಗ ಹಾಕಬಹುದಾದ ಒಂದು ಕಪಾಟು, ಎರಡು ಬೆಂಚು, ಕುಡಿಯುವ ನೀರು, ಹೆಂಗಸರು ಕುಳಿತು ಮಾತಾಡುವುದಕ್ಕೆ ಬೇರೆ ಬಾಗಿಲಿರುವ ಒಂದು ಕೋಣೆ. ದಾಸೋಹ ಮಂದಿರದ ಹಿಂದಿನ ಹಳೆಯ ಗ್ರಂಥಾಲಯದ ಕೋಣೆಗೆ ಎರಡು ಬಾಗಿಲುಗಳಿದ್ದುದು ನನ್ನ ನೆನಪಿನಲ್ಲಿದೆ.